ಲಂಡನ್ನಿಗೂ ಪ್ಯಾರಿಸ್ಸಿಗೂ ಎಷ್ಟು ದೂರ?



ಲಂಡನ್ನಿನಿಂದ ಪ್ಯಾರಿಸ್ಸಿಗೆ ಎಷ್ಟು ದೂರ, ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವುದು ಬಹು ಸುಲಭವೆಂದು ತೋರುತ್ತದೆ. ಭೂಪಟದ ಮೇಲೆ ಅಳೆದರೆ ದೂರ ಸಿಕ್ಕಿತು. ಅದನ್ನು ವಿಮಾನದ ವೇಗದಿಂದ ಭಾಗಿಸಿದರೆ ಕಾಲ ಸಿಕ್ಕಿತು. ಶಾಲೆಯ ಹುಡುಗರು ಮಾಡತಕ್ಕ ಲೆಕ್ಕ. ಆದರೆ ಈ ಲೆಕ್ಕವನ್ನು ನಂಬಿ ಹೊರಟವರು ವೇಳಾಪಟ್ಟಿಯನ್ನು ತೆರೆದ ಕೂಡಲೆ ಬೆರಗಾಗುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಲಂಡನ್ನನ್ನು ಬಿಟ್ಟ ವಿಮಾನವು ಪ್ಯಾರಿಸ್ಸನ್ನು ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಸೇರುವುದೆಂದು ಅಲ್ಲಿ ಬರೆದಿದ್ದರೆ, ಮಧ್ಯಾಹ್ನ ಒಂದು ಗಂಟೆಗೆ ಪ್ಯಾರಿಸ್ಸನ್ನು ಬಿಟ್ಟ ವಿಮಾನವು ಲಂಡನ್ನನ್ನು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸೇರುವುದೆಂದು ಅದರ ಕೆಳಗೇ ಬರೆದಿರುತ್ತದೆ. ಹೋಗುವುದಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ, ಬರುವುದಕ್ಕೆ ಬರಿಯ ಇಪ್ಪತ್ತು ನಿಮಿಷ! ಇದೇನು ವಿಚಿತ್ರವೆಂಬುದನ್ನು ಮುಂದೆ ನೋಡೋಣ. ಮೊದಲು ದೂರದ ಮಾತನ್ನು ಮುಗಿಸಬೇಕು.

ಒಂದು ಭೂಗೋಳವನ್ನು ತೆಗೆದುಕೊಂಡು, ಲಂಡನ್ನಿನ ನಡುವಿನಿಂದ ಪ್ಯಾರಿಸ್ಸಿನ ನಡುವಿಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಆ ದಾರದ ಉದ್ದ ಸುಮಾರು 344 ಕಿಲೋಮೀಟರುಗಳಿಗೆ, ಎಂದರೆ 214 ಮೈಲಿಗಳಿಗೆ, ಸರಿಹೋಗುತ್ತದೆ. ಲಂಡನ್ನಿನ ಹೀತ್ರೋ ವಿಮಾನನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಇದೇ ರೀತಿ ಅಳೆದರೆ ಸುಮಾರು 348 ಕಿಲೋಮೀಟರು. ರೈಲುಹಾದಿಯಲ್ಲಿ ಹೋದರೆ 492 ಕಿಲೋಮೀಟರು. ದೂರವೊಂದೇ ಆದರೂ ಅದಕ್ಕೆ ಮೂರು ಉತ್ತರಗಳಿರುವುವು. ದಾರಿ ಯಾವುದೆಂದು ತಿಳಿಸದೆ ದೂರವನ್ನು ಕೇಳುವುದೂ, ಅಳತೆಗೋಲನ್ನು ತಿಳಿಸದೆ ಬಟ್ಟೆಯ ಉದ್ದವನ್ನು ಕೇಳುವುದೂ ಒಂದೇ.

ಈ ಅಂಕಿಗಳನ್ನು ನಾವು ಇಂದು ಸರಾಗವಾಗಿ ಹೇಳಿಬಿಡುತ್ತೇವೆ. ಆದರೆ ಇನ್ನೂರ ನಲವತ್ತು ವರ್ಷಗಳ ಹಿಂದೆ ಲಂಡನ್ನಿಗೂ ಪ್ಯಾರಿಸ್ಸಿಗೂ ಇರುವ ಸರಿಯಾದ ಅಂತರವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ಗ್ರೀನಿಚ್ಚಿನಲ್ಲಿ ಒಂದು ವೇಧಶಾಲೆ, ಪ್ಯಾರಿಸ್ಸಿನಲ್ಲಿ ಒಂದು ವೇಧಶಾಲೆ. ಎರಡೂ ಯೂರೋಪಿನಲ್ಲಿ ಮಾನ್ಯವಾದವು. ಎರಡರಲ್ಲಿಯೂ ಹಗಲಿರುಳು ನಕ್ಷತ್ರಗಳನ್ನು ಅಳೆಯುತ್ತಿದ್ದರು. ಆದರೂ ಒಂದಕ್ಕೆ ಇನ್ನೊಂದು ಎಲ್ಲಿದೆಯೆಂಬುದರಲ್ಲಿ ಸಂದೇಹ! ಫ್ರಾನ್ಸಿನ ನಕ್ಷೆಯನ್ನು ತಯಾರಿಸುತ್ತಿದ್ದ ಕಸಿನಿ ದ ತ್ಯೂರಿ ಎಂಬ ವೃದ್ಧ ವಿದ್ವಾಂಸರು 1783ರಲ್ಲಿ ಇಂಗ್ಲೆಂಡಿನ ಸರ್ಕಾರಕ್ಕೆ ಒಂದು ವಿಜ್ಞಾಪನೆಯನ್ನು ಬರೆದು, ಎರಡು ದೇಶಗಳೂ ಕೂಡಿ ಈ ಸಂದೇಹವನ್ನು ಪರಿಹರಿಸಬೇಕೆಂದು ಸೂಚಿಸಿದರು. ಅದೇ ವರ್ಷ ತಾನೆ ಈ ಎರಡು ರಾಜ್ಯಗಳಿಗೂ ಅಮೆರಿಕದ ವಿಷಯವಾಗಿ ನಡೆಯುತ್ತಿದ್ದ ಯುದ್ಧ ಮುಗಿದಿತ್ತು. ಫಿರಂಗಿಯ ಹೊಗೆ ಆರುವುದರೊಳಗಾಗಿ ಅಳತೆಯ ಮಾತೆತ್ತಿದ ಆ ಮುದುಕರ ಧೈರ್ಯವನ್ನು ಮೆಚ್ಚಬೇಕು.

ಇಂಗ್ಲೆಂಡಿನ ಕಡೆಯಿಂದ ಕೆಲಸವನ್ನು ವಹಿಸಿಕೊಂಡವರು ವಿಲಿಯಂ ರಾಯ್ ಎಂಬ ಸೇನಾಧಿಕಾರಿ. ದೂರದ ಸ್ಥಳಗಳ ಅಂತರವನ್ನು ಸರಪಣಿ ಹಾಕಿ ಅಳೆಯುವುದು ಅಸಾಧ್ಯ. ಕಡಲು ನಡುವೆ ಇದ್ದರಂತೂ ಹೇಳತಕ್ಕದ್ದೇನು? ಆದುದರಿಂದ ಮೊದಲು ಒಂದು ಚಿಕ್ಕ ನೇರವಾದ ಗೆರೆಯನ್ನು ನೆಲದ ಮೇಲೆ ಅತ್ಯಂತ ಎಚ್ಚರಿಕೆಯಿಂದ ಅಳೆಯುವುದು; ಅದರ ಎರಡು ತುದಿಗಳಿಂದಲೂ ದೂರದ ಒಂದು ಗೋಪುರವನ್ನೋ ಗುಡ್ಡವನ್ನೋ ನೋಡಿ ಕೋನಗಳನ್ನು ಗುರುತಿಸುವುದು; ಹೀಗೆ ಒಂದು ತ್ರಿಕೋಣದಿಂದ ಇನ್ನೊಂದು ತ್ರಿಕೋಣವನ್ನು ಕಟ್ಟುತ್ತ ಮುಂದುವರಿಯುವುದು. ಆ ಮೊದಲನೆಯ ಗೆರೆಗೆ ರಾಯ್ ಅವರು ಆರಿಸಿದುದು ಲಂಡನ್ನಿನ ಪಶ್ಚಿಮಕ್ಕಿರುವ ಹೌನ್‌ಸ್ಲೋ ಎಂಬ ವಿಶಾಲವಾದ ಬಯಲನ್ನು. 1784ರ ಬೇಸಗೆಯಲ್ಲಿ ಅಳತೆ ಮೊದಲಾಯಿತು. ಮೊದಲು ಮರದ ಕೋಲುಗಳನ್ನು ಉಪಯೋಗಿಸಿದರು. ಗಾಳಿಯ ತೇವಕ್ಕೆ ಮರ ಉಬ್ಬಿ ಅಳತೆ ಕೆಟ್ಟಿತು. ಅದನ್ನು ಬಿಟ್ಟು ಇಪ್ಪತ್ತಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ ಮತ್ತೆ ಅಳೆದರು. ಗೆರೆಯ ಉದ್ದ 27,404 ಅಡಿ, ಐದು ಮೈಲಿಗಿಂತ ತುಸು ಹೆಚ್ಚು, ಎಂದು ಗೊತ್ತಾಯಿತು. ಕೋನಗಳನ್ನು ನೋಡುವುದಕ್ಕೆ ರಾಮ್ಸ್‌ಡೆನ್ ಎಂಬ ಕುಶಲ ಯಂತ್ರಕಾರರು ಮೂರಡಿ ವ್ಯಾಸದ ಥಿಯೊಡೊಲೈಟನ್ನು ಮಾಡಿಕೊಡಬೇಕಾಗಿತ್ತು. ಅದನ್ನು ಅವರು ಮುಗಿಸಿಕೊಡುವುದಕ್ಕೆ ಮೂರು ವರ್ಷ ಹಿಡಿಯಿತು. ಕೊನೆಗೆ 1787ರಲ್ಲಿ ಡೋವರ್ ಕೋಟೆಯಿಂದ ಇಂಗ್ಲಿಷರೂ ಎದುರು ದಡದ ಗುಡ್ಡಗಳಿಂದ ಫ್ರೆಂಚರೂ ರಾತ್ರಿಯ ಹೊತ್ತು ಬಿಳಿಯ ದೀಪಗಳನ್ನು ಉರಿಸಿ, ಒಬ್ಬರ ಬೆಳಕನ್ನು ಇನ್ನೊಬ್ಬರು ಯಂತ್ರದಲ್ಲಿ ಹಿಡಿದು, ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ತ್ರಿಕೋಣಗಳನ್ನು ದಾಟಿಸಿದರು. ಕಸಿನಿಯವರು ಅದನ್ನು ನೋಡಲಿಲ್ಲ. ಅವರು 1784ರಲ್ಲಿಯೇ ತೀರಿಕೊಂಡಿದ್ದರು. ರಾಯ್ ಅವರೂ ತಮ್ಮ ವರದಿಯ ಅಚ್ಚಿನ ಕರಡನ್ನು ತಿದ್ದುತ್ತಿರುವಾಗಲೇ 1790ರಲ್ಲಿ ಮೃತರಾದರು. 214 ಮೈಲಿ ಎಂಬ ಮಾತಿನ ಹಿಂದೆ ಇಷ್ಟು ಜನರ ಶ್ರಮವಿದೆ. ಇವರ ವಿಧಾನವನ್ನೇ ಮಾದರಿಯಾಗಿಟ್ಟುಕೊಂಡು ಲ್ಯಾಂಬ್ಟನ್ ಎಂಬ ಇನ್ನೊಬ್ಬ ಸೇನಾಧಿಕಾರಿ ನಮ್ಮ ಬೆಂಗಳೂರಿನ ಬಳಿ 1804ರಲ್ಲಿ ಆಧಾರರೇಖೆಯೊಂದನ್ನು ಅಳೆದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಅದು ಬೇರೆಯೇ ಒಂದು ಭಾಷಣದ ವಿಷಯ.

ಹೌನ್‌ಸ್ಲೋ ಬಯಲಿನ ಆ ಗೆರೆಯ ಎರಡು ತುದಿಗಳನ್ನು ಗುರುತಿಸುವುದಕ್ಕೆ 1791ರಲ್ಲಿ ಎರಡು ಫಿರಂಗಿಗಳನ್ನು ಬಾಯಿ ಮೇಲಾಗಿ ನೆಲದಲ್ಲಿ ಹೂಳಿದರು. ಅವುಗಳಲ್ಲಿ ಒಂದು ಇರುವುದು ಹೀತ್ರೋ ವಿಮಾನನಿಲ್ದಾಣದ ಉತ್ತರದ ರಸ್ತೆಯ ಮಗ್ಗುಲಲ್ಲಿ. ಪ್ಯಾರಿಸ್ಸಿಗೆ ಹೋಗುವ ಪ್ರಯಾಣಿಕರು ಅದರ ಹತ್ತಿರದಲ್ಲೇ ಹಾದುಹೋಗುತ್ತಾರೆ. ಅದನ್ನು ನೋಡಿದವರು ಬಹು ಮಂದಿ ಇರಲಾರರು.

ಇನ್ನು ಆಕಾಶಮಾರ್ಗಕ್ಕೆ ಬರೋಣ. ಕಡಲ್ಗಾಲುವೆಯನ್ನು ಮೊದಲು ಗಾಳಿಯಲ್ಲಿ ದಾಟಿದವರು 1785ರ ಜನವರಿ 7ರಂದು ಡೋವರಿನಿಂದ ಬಲೂನಿನಲ್ಲಿ ಹೊರಟ ಬ್ಲಾಂಶಾರ್ ಮತ್ತು ಜೆಫ್ರೀಸ್. ನಡುವೆ ಬಲೂನು ಇಳಿಯತೊಡಗಿದುದರಿಂದ ತೂಕವನ್ನು ಕಡಮೆಮಾಡಲು ಇದ್ದುದನ್ನೆಲ್ಲ ಎಸೆದು, ಕೊನೆಗೆ ಮೈಮೇಲಿನ ಉಡುಪನ್ನೂ ಬಿಸುಟು, ಜನವರಿಯ ಚಳಿಯಲ್ಲಿ ಫ್ರಾನ್ಸಿನ ಒಂದು ಕಾಡಿನಲ್ಲಿ ಇಳಿದರು. ಯಂತ್ರದ ವಿಮಾನದಲ್ಲಿ ಮೊದಲು ದಾಟಿದವರು ಬ್ಲೇರಿಯೋ, 1909ರ ಜುಲೈ 25ರಂದು. ಆ ಕತೆ ಸಕಲರಿಗೂ ತಿಳಿದದ್ದೇ. ಆದರೆ ಇವೆರಡೂ ದಡದಿಂದ ದಡಕ್ಕೆ ಹಾರಿದ ಹಾರಾಟಗಳು. ರಾಜಧಾನಿಯಿಂದ ರಾಜಧಾನಿಗೆ ಹೋಗುವ ಸಾಹಸವನ್ನು 1910ರ ಆಗಸ್ಟ್ ತಿಂಗಳಲ್ಲಿ ಕೈಗೊಂಡವರು ಜಾನ್ ಮೊಯ್ಸಂಟ್ ಎಂಬ ಅಮೆರಿಕದವರು. ಜೊತೆಗೆ ತಮ್ಮ ಯಂತ್ರಗಾರನನ್ನೂ ಒಂದು ಬೆಕ್ಕಿನ ಮರಿಯನ್ನೂ ಕೂರಿಸಿಕೊಂಡು ಪ್ಯಾರಿಸ್ಸಿನಿಂದ ಹೊರಟರು. ಕಡಲನ್ನು ಬಹು ಚೆನ್ನಾಗಿ ದಾಟಿದರು. ಆಮೇಲೆ ಇಂಗ್ಲೆಂಡಿನ ನೆಲದ ಮೇಲೆ ಗಾಳಿ, ಮಳೆ, ಮುರಿದ ರೆಕ್ಕೆ, ಕೆಟ್ಟ ಯಂತ್ರ ಇವುಗಳಿಂದ ಮತ್ತೆ ಮತ್ತೆ ತಡೆದು, ಲಂಡನ್ನನ್ನು ಸೇರುವ ಹೊತ್ತಿಗೆ ಸುಮಾರು ಮೂರು ವಾರಗಳಾಗಿದ್ದುವು. ಕುದುರೆಗಾಡಿಯಲ್ಲಿ ಬಂದಿದ್ದರೆ ಬೇಗ ಬರುತ್ತಿದ್ದರೆಂದು ನಗುವುದು ಸುಲಭ. ಆದರೆ ಮರುವರ್ಷವೇ, 1911ರ ಏಪ್ರಿಲ್ 12ರಂದು, ಪಿಯೆರ್ ಪ್ರಿಯೆ ಎಂಬ ಫ್ರೆಂಚ್ ಚಾಲಕರು ಲಂಡನ್ನಿನ ಹೆಂಡನ್ನಿನಿಂದ ಎದ್ದು, ನಡುವೆ ಎಲ್ಲಿಯೂ ಇಳಿಯದೆ, ನಾಲ್ಕು ಗಂಟೆಗಿಂತ ತುಸು ಕಡಮೆ ಹೊತ್ತಿನಲ್ಲಿ ಪ್ಯಾರಿಸ್ಸಿನಲ್ಲಿ ಇಳಿದರು. ಮೂರು ವಾರದಿಂದ ನಾಲ್ಕು ಗಂಟೆಗೆ! ಈ ಹಾದಿಯಲ್ಲಿ ಅಷ್ಟು ದೊಡ್ಡ ಉಳಿತಾಯ ಅನಂತರ ಎಂದೂ ಆಗಲಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರ ಆಗಸ್ಟ್ 25ರಂದು, ಲಂಡನ್ನಿಗೂ ಪ್ಯಾರಿಸ್ಸಿಗೂ ದಿನಂಪ್ರತಿ ವಿಮಾನ ಸಂಚಾರ ಆರಂಭವಾಯಿತು. ಹೊರಟ ಸ್ಥಳ ಯಾವುದು? ಅದೇ ಹೌನ್‌ಸ್ಲೋ ಬಯಲು! ಚಾಲಕರ ಹಿಂದೆ ಕುಳಿತಿದ್ದ ಪ್ರಯಾಣಿಕರು ಒಬ್ಬರೇ; ಪತ್ರಿಕೆಯವರು. ಉಳಿದ ಜಾಗದಲ್ಲಿ ವೃತ್ತಪತ್ರಿಕೆಗಳ ಕಟ್ಟು, ಡೆವನ್‌ಷೈರಿನ ಕೆನೆ, ಬೇಟೆಯ ಹಕ್ಕಿಗಳ ಮಾಂಸ ಇವು ಇದ್ದುವು. ಒಂದು ಕಡೆಯ ದರ 21 ಪೌಂಡು. ಸಾಮಾನ್ಯ ಗೃಹಸ್ಥರ ಮಾತಲ್ಲ. ಹಿಡಿದ ಕಾಲ ಸುಮಾರು ಎರಡೂವರೆ ಗಂಟೆ. 1920ರಲ್ಲಿ ಈ ಸಂಚಾರ ಲಂಡನ್ನಿನ ದಕ್ಷಿಣದಲ್ಲಿರುವ ಕ್ರಾಯ್ಡನ್ನಿಗೆ ಬದಲಾಯಿತು. ಅಲ್ಲಿ ಪೆಟ್ಟಿಗೆಯ ಜೊತೆಗೆ ಪ್ರಯಾಣಿಕರನ್ನೂ ತಕ್ಕಡಿಯಲ್ಲಿ ತೂಗಿ, ಯಂತ್ರದ ಆರ್ಭಟಕ್ಕೆ ಕಿವಿಯಲ್ಲಿ ಇಟ್ಟುಕೊಳ್ಳಲು ಹತ್ತಿಯನ್ನು ಕೊಟ್ಟು, ಏರಿಸುತ್ತಿದ್ದರು.

ಆಗಿನ ಚಾಲಕರಿಗೆ ಆಕಾಶದಲ್ಲಿ ಗುರುತುಗಳಿರಲಿಲ್ಲ. ನೆಲದ ಮೇಲಿನ ರಸ್ತೆಗಳನ್ನೂ ರೈಲುಹಳಿಗಳನ್ನೂ ನೋಡಿಕೊಂಡೇ ಹಾರುತ್ತಿದ್ದರು. ಮಂಜು ಕವಿದ ದಿನ ಹಳಿ ಕಾಣಬೇಕಾದರೆ ಕೆಳಕ್ಕಿಳಿಯಬೇಕು. 1922ರ ಏಪ್ರಿಲ್ 7ರಂದು ಅಂಥ ಮಂಜಿನಲ್ಲಿ ಒಂದು ವಿಮಾನ ಕ್ರಾಯ್ಡನ್ನಿನಿಂದಲೂ ಇನ್ನೊಂದು ಪ್ಯಾರಿಸ್ಸಿನ ಲ ಬೂರ್ಜೆಯಿಂದಲೂ ಹೊರಟು, ಒಂದೇ ಹಾದಿಯನ್ನು ಹಿಡಿದು ಎದುರುಬದುರಾಗಿ ಬಂದುವು. ಫ್ರಾನ್ಸಿನ ಪಿಕಾರ್ಡಿ ಸೀಮೆಯ ಒಂದು ಹಳ್ಳಿಯ ಮೇಲೆ ಡಿಕ್ಕಿ ಹೊಡೆದು ಎರಡೂ ಬಿದ್ದು, ಏಳು ಜನ ಸತ್ತರು. ಪ್ರಯಾಣಿಕರ ವಿಮಾನಗಳು ಆಕಾಶದಲ್ಲಿ ಒಂದಕ್ಕೊಂದು ತಗುಲಿದುದು ಅದೇ ಮೊದಲು. ಅಷ್ಟು ವಿಶಾಲವಾದ ಆಕಾಶದಲ್ಲಿ ಎರಡೇ ವಿಮಾನಗಳಿಗೆ ಜಾಗ ಸಾಲದೆ ಹೋಯಿತೆ ಎಂದು ಕೇಳಬಹುದು. ಆಕಾಶ ವಿಶಾಲವೇ; ಅವರು ಹಿಡಿದ ದಾರಿ ಮಾತ್ರ ಹಳಿಯಷ್ಟೇ ಅಗಲ. ಬಂಡಿಯ ರಸ್ತೆಯಲ್ಲಿ ಹೇಗೋ ಹಾಗೆ ಒಂದು ಪಕ್ಕವನ್ನು ಹಿಡಿದು ಹಾರಬೇಕು, ಬಲಕ್ಕೆ ಸರಿಯಬೇಕು, ರೇಡಿಯೋ ಇರಬೇಕು ಎಂಬ ಕಟ್ಟಳೆಗಳು ಆಮೇಲೆ ಗೊತ್ತಾದುವು. ಇಂದು ನೇರವಾಗಿ ಹೋಗಬಹುದಾದ ವಿಮಾನವು ಬಳಸಿ ಹೋಗುವುದೇಕೆಂದು ಗೊಣಗುವವರು ಈ ಏಳು ಜನರನ್ನು ನೆನೆಯುವುದು ಒಳ್ಳೆಯದು.

ಮುಂದಿನ ಮೂವತ್ತು ವರ್ಷಗಳ ಚರಿತ್ರೆಯನ್ನು ವಿಸ್ತರಿಸುವುದಿಲ್ಲ. 1931ರಲ್ಲಿ ಬಂದ ನಾಲ್ಕು ಯಂತ್ರಗಳ ದೊಡ್ಡ ಹ್ಯಾಂಡ್ಲಿ ಪೇಜ್ ವಿಮಾನಗಳು ಮೂವತ್ತೆಂಟು ಜನರನ್ನು ಹೊತ್ತು, ಊಟ ಬಡಿಸಿಕೊಂಡು, ಗಂಟೆಗೆ ಸುಮಾರು ನೂರು ಮೈಲಿ ವೇಗದಲ್ಲಿ ಸಾಗುತ್ತಿದ್ದುವು. ನಲವತ್ತು ಮೈಲಿಯ ಎದುರುಗಾಳಿ ಬೀಸಿದರೆ ಅವುಗಳ ನಡೆ ಅರುವತ್ತು ಮೈಲಿಗೆ ಇಳಿಯುವುದು. ಅನಂತರ 1950ರ ಜುಲೈ 29ರಂದು ಟರ್ಬೈನ್ ಯಂತ್ರದ ವೈಕೌಂಟ್ ವಿಮಾನವೊಂದು ಲಂಡನ್ನಿನ ನಾರ್ತೊಲ್ಟಿನಿಂದ ಹೊರಟು ಲ ಬೂರ್ಜೆಯಲ್ಲಿ ಇಳಿಯಿತು. ಅಂಥ ಯಂತ್ರದ ವಿಮಾನವು ಹಣಕೊಟ್ಟ ಪ್ರಯಾಣಿಕರನ್ನು ನಿಯತ ಸಂಚಾರದಲ್ಲಿ ಒಯ್ದುದು ಜಗತ್ತಿನಲ್ಲೇ ಅದು ಮೊದಲು. ಹಿಡಿದ ಕಾಲ 57 ನಿಮಿಷ.

ಈ ಐವತ್ತೇಳು ನಿಮಿಷಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಅನಂತರ ಮುಕ್ಕಾಲು ಶತಮಾನ ಕಳೆದಿದೆ. ಜೆಟ್ ವಿಮಾನಗಳು ಬಂದಿವೆ. ಗಂಟೆಗೆ ಎಂಟುನೂರು ಕಿಲೋಮೀಟರು ಹೋಗುವುದು ಅವಕ್ಕೆ ಶ್ರಮವಲ್ಲ. ಆ ವೇಗದಲ್ಲಿ 348 ಕಿಲೋಮೀಟರು ಇಪ್ಪತ್ತಾರು ನಿಮಿಷದ ದಾರಿ. ಆದರೂ ಇಂದು ಆಕಾಶದಲ್ಲಿ ಕಳೆಯುವ ಕಾಲ ಸುಮಾರು ಐವತ್ತು ನಿಮಿಷ; ವೇಳಾಪಟ್ಟಿಯಲ್ಲಿ ಬರೆಯುವುದು ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು! ಉಳಿದ ಕಾಲ ಎಲ್ಲಿ ಹೋಯಿತು?

ವಿಮಾನವು ಬಾಣದಂತೆ ಹೊರಟ ಕೂಡಲೆ ಪೂರ್ಣ ವೇಗವನ್ನು ಪಡೆಯುವುದಿಲ್ಲ. ಮೇಲಕ್ಕೇರುವುದಕ್ಕೆ ಕಾಲು ಗಂಟೆಯ ಮೇಲೆ ಬೇಕು. ಇಳಿಯುವುದಕ್ಕೆ ಅಷ್ಟೇ, ಅಥವಾ ಇನ್ನೂ ಹೆಚ್ಚು, ಬೇಕು. ಪ್ಯಾರಿಸ್ಸಿನ ದಾರಿ ಎಷ್ಟು ಚಿಕ್ಕದೆಂದರೆ, ಏರಿ ಮುಗಿಯಿತೆನ್ನುವಷ್ಟರಲ್ಲಿ ಇಳಿಯಲು ಆರಂಭಿಸಬೇಕು. ವಿಮಾನವು ಗಾಳಿಗೆ ಎದುರಾಗಿಯೇ ಏಳಬೇಕು. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ, ಆಗ್ನೇಯಕ್ಕೆ ಹೋಗಬೇಕಾದ ವಿಮಾನವು ಮೊದಲು ಪಶ್ಚಿಮಕ್ಕೆ ಹಾರಿ ಆಮೇಲೆ ತಿರುಗಿಕೊಳ್ಳುತ್ತದೆ. ಹಿಂದಿರುಗಿ ಬರುವಾಗ ಹೀತ್ರೋವಿನಲ್ಲಿ ಇಳಿಯಬೇಕಾದ ವಿಮಾನಗಳ ಸಾಲು ದೊಡ್ಡದು. ಅಲ್ಲಿರುವ ಓಟದ ದಾರಿಗಳು ಎರಡೇ. ಆದುದರಿಂದ ಲಂಡನ್ನಿನ ಸುತ್ತ ನಾಲ್ಕು ಕಡೆಗಳಲ್ಲಿ ವಿಮಾನಗಳು ಒಂದರ ಮೇಲೊಂದಾಗಿ ಸುತ್ತುತ್ತ, ತಮ್ಮ ಸರದಿಗಾಗಿ ಕಾಯುವ ಏರ್ಪಾಡುಂಟು, ದೇವಸ್ಥಾನದ ಪ್ರದಕ್ಷಿಣೆಯಂತೆ. ಇದಲ್ಲದೆ, ವೇಳಾಪಟ್ಟಿಯವರು ಎಣಿಸುವುದು ನೆಲವನ್ನು ಬಿಟ್ಟ ಕ್ಷಣದಿಂದಲ್ಲ. ವಿಮಾನವು ನಿಂತ ಜಾಗದಿಂದ ಹಿಂದಕ್ಕೆ ಸರಿದಾಗ ಅವರ ಗಡಿಯಾರ ಆರಂಭ. ಆ ಕೊನೆಯಲ್ಲಿ ತನ್ನ ಜಾಗಕ್ಕೆ ಬಂದು ನಿಂತಾಗ ಮುಕ್ತಾಯ. ನಡುವೆ ನೆಲದ ಮೇಲೆ ತೆವಳುವ ಕಾಲವೆಲ್ಲ ಇದರಲ್ಲಿ ಸೇರುತ್ತದೆ. ಕಂಪೆನಿಗಳವರು ಇದಕ್ಕೆ ಇನ್ನು ನಾಲ್ಕು ನಿಮಿಷಗಳನ್ನು ಸೇರಿಸಿ ಬರೆದುಕೊಳ್ಳುವುದೂ ಉಂಟು. ಆಗ ತಡವಾದರೂ ತಡವಾಯಿತೆಂದು ಅನ್ನಿಸಿಕೊಳ್ಳಬೇಕಾಗಿಲ್ಲ. ಮದುವೆಯ ಲಗ್ನಪತ್ರಿಕೆಯಲ್ಲಿ ಮುಹೂರ್ತವನ್ನು ಮುಂಚಿತವಾಗಿ ಹಾಕುತ್ತಾರೆ, ಇಲ್ಲಿ ತಲಪುವ ಕಾಲವನ್ನು ಹಿಂದಕ್ಕೆ ಹಾಕುತ್ತಾರೆ, ವ್ಯತ್ಯಾಸ ಅಷ್ಟೆ.

ಇನ್ನು ಇಪ್ಪತ್ತು ನಿಮಿಷದ ಒಗಟು. ಸೂರ್ಯನ ಲೆಕ್ಕದಲ್ಲಿ ಪ್ಯಾರಿಸ್ಸಿಗೂ ಗ್ರೀನಿಚ್ಚಿಗೂ ಇರುವ ವ್ಯತ್ಯಾಸ 9 ನಿಮಿಷ 21 ಸೆಕೆಂಡು ಮಾತ್ರ. ಗ್ರೀನಿಚ್ಚಿನ ರೇಖೆಯನ್ನೇ ಎಲ್ಲರೂ ಒಪ್ಪಬೇಕೆಂದು 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಮ್ಮೇಳನ ನಿರ್ಣಯಿಸಿದಾಗ ಫ್ರಾನ್ಸು ಪರವಾಗಿ ಮತ ಕೊಡಲಿಲ್ಲ. 1911ರಲ್ಲಿ ಕೊನೆಗೆ ಒಪ್ಪಿ ಶಾಸನ ಮಾಡಿತು, ಆದರೆ ಹೇಗೆ? ಫ್ರಾನ್ಸಿನ ಕಾಲವೆಂದರೆ ಪ್ಯಾರಿಸ್ಸಿನ ಕಾಲದಲ್ಲಿ 9 ನಿಮಿಷ 21 ಸೆಕೆಂಡು ಕಳೆದದ್ದು ಎಂದು! ಗ್ರೀನಿಚ್ಚಿನ ಹೆಸರನ್ನೇ ಎತ್ತಲಿಲ್ಲ. ಎದುರು ಮನೆಯವರ ಗಡಿಯಾರವನ್ನು ನೋಡಿ ತಿದ್ದಿಕೊಂಡು, ನಮ್ಮ ಗಡಿಯಾರವೇ ಮುಂದಿತ್ತು ಎಂದು ಹೇಳುವವರ ಹಾಗೆ. ಅಂತೂ ಎರಡು ನಗರಗಳ ಗಡಿಯಾರಗಳು ಒಂದಾದುವು. 1940ರ ಜೂನಿನಲ್ಲಿ ಜರ್ಮನರ ಸೇನೆ ಪ್ಯಾರಿಸ್ಸನ್ನು ಹಿಡಿದಾಗ ಅಲ್ಲಿನ ಗಡಿಯಾರಗಳನ್ನು ಬರ್ಲಿನ್ನಿನ ಕಾಲಕ್ಕೆ ತಿರುಗಿಸಿತು. ಸೇನೆ ಹೋಯಿತು, ಕಾಲ ಉಳಿಯಿತು. ಇಂದಿಗೂ ಪ್ಯಾರಿಸ್ಸು ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಹೋಗುವಾಗ ಆ ಗಂಟೆಯನ್ನು ತೆತ್ತು, ಬರುವಾಗ ಹಿಂದಕ್ಕೆ ಪಡೆಯುತ್ತೇವೆ. ವಿಮಾನವು ಎರಡು ಕಡೆಗೂ ಹೆಚ್ಚುಕಡಮೆ ಒಂದೇ ಹೊತ್ತು ಹಾರುತ್ತದೆ.

ಆದರೆ ಯಾರೂ ಓಟದ ದಾರಿಯ ಮೇಲೆ ವಾಸಮಾಡುವುದಿಲ್ಲ. ನಮಗೆ ಬೇಕಾದುದು ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನ ಲೆಕ್ಕ. ಹೀತ್ರೋ ಲಂಡನ್ನಿನ ನಡುವಿನಿಂದ ಸುಮಾರು 23 ಕಿಲೋಮೀಟರು. 1974ರಲ್ಲಿ ತೆರೆದ ಶಾರ್ಲ್ ದ ಗಾಲ್ ನಿಲ್ದಾಣ ಪ್ಯಾರಿಸ್ಸಿನಿಂದ ಸುಮಾರು 25 ಕಿಲೋಮೀಟರು. ಊರಿನಿಂದ ನಿಲ್ದಾಣಕ್ಕೆ ಮುಕ್ಕಾಲು ಗಂಟೆ. ಅಲ್ಲಿ ಪರೀಕ್ಷೆಗಳಿಗೂ ಕಾಯುವುದಕ್ಕೂ ಒಂದೂವರೆ ಗಂಟೆ. ವೇಳಾಪಟ್ಟಿಯ ಒಂದು ಗಂಟೆ ಇಪ್ಪತ್ತು ನಿಮಿಷ. ಇಳಿದ ಮೇಲೆ ಪರವಾನೆ ತೋರಿಸಿ ಊರು ಸೇರುವುದಕ್ಕೆ ಇನ್ನೊಂದು ಗಂಟೆ. ಒಟ್ಟು ಸುಮಾರು ನಾಲ್ಕೂವರೆ ಗಂಟೆ ಆಯಿತು. ಕ್ರಾಯ್ಡನ್ನಿನ ದಿನಗಳಲ್ಲಿ ಮೋಟಾರಿನಲ್ಲಿ ನಿಲ್ದಾಣಕ್ಕೆ ಹೋಗಿ, ತಕ್ಕಡಿಯಲ್ಲಿ ತೂಗಿಸಿಕೊಂಡು, ಎರಡೂವರೆ ಗಂಟೆ ಹಾರಿ, ಲ ಬೂರ್ಜೆಯಿಂದ ಏಳು ಮೈಲಿ ಒಳಕ್ಕೆ ಬಂದವರಿಗೆ ಇದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ. ನೂರು ವರ್ಷ ಯಂತ್ರಶಾಸ್ತ್ರಜ್ಞರು ಆಕಾಶದಲ್ಲಿ ಗಳಿಸಿದುದನ್ನು ನಾವು ನೆಲದ ಮೇಲೆ ಕಳೆದಿದ್ದೇವೆ ಎಂದರೆ ಅದು ಬರಿಯ ಮಾತಿನ ಚಮತ್ಕಾರವಲ್ಲ.

ಇದಕ್ಕೆ ಉತ್ತರ ಬಂದುದು ನೆಲದ ಕೆಳಗಿನಿಂದ. ಕಡಲ್ಗಾಲುವೆಯ ಅಡಿಯಲ್ಲಿ ಸುರಂಗವನ್ನು ಕೊರೆಯುವ ಯತ್ನವು 1880ರ ವೇಳೆಗೇ ಆರಂಭವಾಗಿ, ಶತ್ರುಗಳು ಅದರೊಳಗೆ ನುಗ್ಗಿ ಬಂದಾರೆಂಬ ಇಂಗ್ಲಿಷರ ಭಯದಿಂದ ನಿಂತುಹೋಗಿತ್ತು. ಒಂದು ಶತಮಾನದ ಮೇಲೆ, 1990ರ ಡಿಸೆಂಬರ್ 1ರಂದು, ಎರಡು ಕಡೆಯ ಕೆಲಸಗಾರರು ಕಡಲಿನ ಕೆಳಗೆ ಕೈಕುಲುಕಿದರು. 1994ರ ಮೇ 6ರಂದು ಎಲಿಜಬೆತ್ ರಾಣಿಯವರೂ ಅಧ್ಯಕ್ಷ ಮಿತ್ತೆರಾನರೂ ಸುರಂಗವನ್ನು ತೆರೆದರು; ಆ ನವೆಂಬರಿನಿಂದ ಯೂರೋಸ್ಟಾರ್ ರೈಲು ಆರಂಭವಾಯಿತು. ಮೊದಲು ಮೂರು ಗಂಟೆ ಹಿಡಿಯುತ್ತಿತ್ತು. ಫ್ರಾನ್ಸಿನಲ್ಲಿ ಗಂಟೆಗೆ 300 ಕಿಲೋಮೀಟರು ಓಡಿ ಬಂದ ಗಾಡಿ ಇಂಗ್ಲೆಂಡಿನ ಹಳೆಯ ಹಳಿಗಳ ಮೇಲೆ ಕುಂಟುತ್ತಿತ್ತು. 2007ರ ನವೆಂಬರಿನಲ್ಲಿ ಹೊಸ ಹಳಿ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ಸನ್ನು ಮುಟ್ಟಿದ ಮೇಲೆ ಎರಡೂಕಾಲು ಗಂಟೆಗೆ ಇಳಿಯಿತು. ಹೊರಡುವುದೂ ಊರ ನಡುವೆ, ಇಳಿಯುವುದೂ ಊರ ನಡುವೆ. ದೂರ 492 ಕಿಲೋಮೀಟರಾದರೂ ವಿಮಾನದ 348ನ್ನು ಇದು ಸೋಲಿಸಿತು. ಈ ಎರಡು ನಗರಗಳ ನಡುವೆ ಓಡಾಡುವವರಲ್ಲಿ ಬಹುಪಾಲು ಜನ ಈಗ ರೈಲನ್ನೇ ಹಿಡಿಯುತ್ತಾರೆ. ವಿಮಾನವು ಸುಡುವ ಎಣ್ಣೆಯ ಹೊಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರಿಗಂತೂ ಬೇರೆ ಯೋಚನೆಯೇ ಇಲ್ಲ. ಆದರೆ ರೈಲಿಗೂ ವಿಮಾನನಿಲ್ದಾಣದ ಜಾಡ್ಯ ತಗುಲಿದೆಯೆಂಬುದನ್ನು ಮುಚ್ಚಿಡಬಾರದು. ಸೇಂಟ್ ಪ್ಯಾಂಕ್ರಸ್ಸಿನಲ್ಲಿಯೇ ಫ್ರಾನ್ಸಿನ ಅಧಿಕಾರಿಗಳು ಪರವಾನೆಯನ್ನು ಪರೀಕ್ಷಿಸುತ್ತಾರೆ. ಬ್ರಿಟನ್ನು ಯೂರೋಪಿನ ಒಕ್ಕೂಟವನ್ನು ಬಿಟ್ಟು, 2020ರ ಕೊನೆಯಲ್ಲಿ ಹೊಸ ಕಟ್ಟಳೆಗಳು ಜಾರಿಗೆ ಬಂದ ಮೇಲೆ, ಆ ಪರೀಕ್ಷೆ ಇನ್ನೂ ಬಿಗಿಯಾಗಿದೆ. ಎರಡೂಕಾಲು ಗಂಟೆಯ ಪ್ರಯಾಣಕ್ಕೆ ಒಂದು ಗಂಟೆ ಮುಂಚಿತವಾಗಿ ಹೋಗಿ ಸಾಲಿನಲ್ಲಿ ನಿಲ್ಲಬೇಕು.

ಮನೆಯಿಂದ ಮನೆಗೆ ಅಲ್ಲದಿದ್ದರೂ ಕಮಾನಿನಿಂದ ಕಮಾನಿಗೆ ಎಷ್ಟು ಬೇಗ ಹೋಗಬಹುದೆಂಬುದನ್ನು ಒಮ್ಮೆ ಪರೀಕ್ಷಿಸಿ ನೋಡಿದರು. ಬ್ಲೇರಿಯೋ ಕಡಲನ್ನು ದಾಟಿ ಐವತ್ತು ವರ್ಷವಾದುದರ ನೆನಪಿಗಾಗಿ 1959ರ ಜುಲೈಯಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆಯವರು ಪಂದ್ಯವನ್ನು ಏರ್ಪಡಿಸಿದರು: ಲಂಡನ್ನಿನ ಮಾರ್ಬಲ್ ಆರ್ಚಿಗೂ ಪ್ಯಾರಿಸ್ಸಿನ ವಿಜಯದ ಕಮಾನಿಗೂ ನಡುವೆ ಯಾರು ಯಾವ ವಾಹನದಲ್ಲಿ ಬೇಕಾದರೂ ಹೋಗಬಹುದು. ಗೆದ್ದವರು ಬ್ರಿಟಿಷ್ ವಾಯುಸೇನೆಯ ಸ್ಕ್ವಾಡ್ರನ್ ಲೀಡರ್ ಮಾನ್. ಮೋಟಾರ್ ಸೈಕಲ್, ಹೆಲಿಕಾಪ್ಟರ್, ಹಂಟರ್ ಯುದ್ಧವಿಮಾನ ಇವುಗಳನ್ನು ಒಂದಾದಮೇಲೊಂದು ಏರಿ, 40 ನಿಮಿಷ 44 ಸೆಕೆಂಡಿನಲ್ಲಿ ಮುಟ್ಟಿದರು. ಅವರ ಜೊತೆಗೆ ಪೆಟ್ಟಿಗೆ ಇತ್ತೆಂದು ನಾವು ಕೇಳಿಲ್ಲ.